ಗ್ರಹಣದ ಹೊತ್ತಿನ ಚಿತ್ರಾನ್ನ

ಅರಸೀಕೆರೆಯ ಆ ಡಾಕ್ಟರಮ್ಮ ಹೇಳಿದ್ದು ಇದೇ ಮಾತೋ, ಆಮೇಲೆ ನಾನೇ ತಿದ್ದಿಕೊಂಡದ್ದೋ, ಖಾತ್ರಿಯಿಲ್ಲ. ಮಗಳ ಮೂತ್ರಪಿಂಡದ ಕ್ಯಾನ್ಸರ್ ಗಡ್ಡೆಯನ್ನು ಮೊದಲು ಗುರುತಿಸಿದವರು ಅವರು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತು ಉಂಡದ್ದಕ್ಕೇ ಹೀಗಾಯಿತೆಂದು ಮಾದಿಹಳ್ಳಿಯ ನೆಂಟರು ಅಂದ ಮೇಲೆ, ಹೆಂಡತಿ ಮಗುವನ್ನು ಮುಟ್ಟಲೂ ಹೆದರುತ್ತಿದ್ದಳು. ಗರ್ಭದಲ್ಲಿ ಬಲಿಯದೆ ಉಳಿದ ಜೀವಕೋಶಗಳು ಹೀಗೆ ಗಡ್ಡೆಯಾಗುತ್ತವೆ, ಯಾರ ತಪ್ಪೂ ಅಲ್ಲ ಎಂದು ಜೀವಶಾಸ್ತ್ರ ಓದಿದ ನಾನು ಎಷ್ಟು ವಿವರಿಸಿದರೂ ಅವಳು ನಂಬಲಿಲ್ಲ.

ಹೆಂಡತಿ ಅದನ್ನು ಹೇಳಿಕೊಂಡಾಗ ಡಾಕ್ಟರಮ್ಮ ಎಂದಿನಂತೆ ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತ, “ಅಯ್ಯೋ, ಬಿಡವ್ವ” ಎಂದರು. ಎಲ್ಲದಕ್ಕೂ ಅವರದು ಅದೇ ಮಾತು. “ನಾನೂ ಬಸುರೀಲಿ ಗ್ರಹಣದ ಹೊತ್ತಲ್ಲೇ ಚಿತ್ರಾನ್ನ ತಿಂದಿದ್ದೆ. ನನ್ ಮಗ ಗುಂಡ್ಕಲ್ಲಂಗವ್ನೆ ಕಣವ್ವ.”

ಹೆಂಡತಿ ನಕ್ಕು ಮಗಳನ್ನು ಎತ್ತಿಕೊಂಡಳು. ನನಗೆ ಹೊಟ್ಟೆ ಉರಿಯಿತು. ಆ ನಗು ನನ್ನ ಮಾತಿಗೆ ಬರಬೇಕಿತ್ತು.

ಒಂದನ್ನು ಮಾತ್ರ ಆಮೇಲೆ ವಿಚಾರಿಸಿ ಖಚಿತಪಡಿಸಿಕೊಂಡೆ: ಡಾಕ್ಟರಮ್ಮನಿಗೆ ಮಕ್ಕಳೇ ಇರಲಿಲ್ಲ.