ಹತ್ತಿ ಬಂದರಿನ ಗೋಡೆ

ಗದಗಿನಲ್ಲಿ ಸಮುದ್ರವಿಲ್ಲ. ಆದರೆ ಎಪ್ಪತ್ತರ ದಶಕದ ಕೊನೆಗೆ ಒಮ್ಮೆ ಇತ್ತು, ಸ್ಟೇಷನ್ ರಸ್ತೆಯ ಗೋಡೆಯ ಮೇಲೆ. ಗಂಡಸರು ಅದರ ಮೇಲೆ ಉಚ್ಚೆ ಹೊಯ್ಯುತ್ತಿದ್ದರು. ಇಷ್ಟು ವರ್ಷವಾದರೂ ಆ ಗೋಡೆ ನೆನಪಾದರೆ ಸೆರಗು ಮೂಗಿಗೆ ಹೋಗುತ್ತದೆ.

ನಮ್ಮೂರ ಹತ್ತಿ ರೈಲಿನಲ್ಲಿ ಬಂದರಿಗೆ ಹೋಗಿ, ಹಡಗೇರಿ ಪರದೇಶ ಕಂಡಿತ್ತೆಂದು ಇಲ್ಲಿನ ವ್ಯಾಪಾರಸ್ಥರಿಗೆ ಭಾರಿ ಹೆಮ್ಮೆ. ಅದನ್ನೇ ಗೋಡೆಗೆ ಬರೆಸೋಣವೆಂದು ಮುನಸಿಪಾಲ್ಟಿ ಮೆಂಬರೊಬ್ಬರು ಹೊರಟರು. ಕೆಲಸ ನನ್ನ ಗಂಡನಿಗೆ ಬಂತು. ಅವರು ಬೆಟಗೇರಿಯಲ್ಲಿ ಅಂಗಡಿ ಬೋರ್ಡು, ಲಾರಿಯ ಹಿಂದಿನ ನವಿಲು ಬರೆಯುತ್ತಿದ್ದವರು. ಸಮುದ್ರ ಕಂಡವರೇ ಅಲ್ಲ. ಕಂಡವಳು ನಾನು. ಕಾರವಾರದಲ್ಲಿ ಹುಟ್ಟಿ, ಲಾರಿ ಓಡಿಸುತ್ತಿದ್ದ ಸೋದರಮಾವ ತಂದ ಸಂಬಂಧದಿಂದ ಇಲ್ಲಿಗೆ ಸೊಸೆಯಾಗಿ ಬಂದವಳು.

“ಸಮುದ್ರ ಪೂರಾ ನೀಲಿ ಇರ್ತೈತೇನ?” ಎಂದು ಕೇಳಿದರು. ಮಳೆಗಾಲದಲ್ಲಿ ಕೆಮ್ಮಣ್ಣಿನ ಬಣ್ಣ, ಆಮೇಲೆ ಹಸಿರು, ದೂರದಲ್ಲಷ್ಟೇ ನೀಲಿ ಎಂದೆ. ಹಾಗೆಯೇ ಬರೆದರು. ಮೇಲೆ ಹತ್ತಿಯ ಅಂಡಗಿ ಚೀಲ ತುಂಬಿದ ಹಡಗು, ಕೆಳಗೆ ಮರಳು. ನಾನು ಕೇಳಿಕೊಂಡದ್ದಕ್ಕೆ ಆ ಮರಳಿನ ಮೇಲೆ ಮೀನಿನ ಬುಟ್ಟಿ ಹೊತ್ತ ನನ್ನ ಆಯಿಯನ್ನೂ ಬರೆದರು. ಆಯಿ ತೀರಿಹೋಗಿದ್ದಳು, ಹೆತ್ತವಳದೊಂದು ಫೋಟೋ ಕೂಡ ನನ್ನ ಬಳಿ ಇರಲಿಲ್ಲ. ಮೂಗು ಹೀಗೆ, ಸೆರಗು ಸಿಕ್ಕಿಸುತ್ತಿದ್ದದ್ದು ಹೀಗೆ ಎಂದು ನಾನು ಹೇಳಿದೆ, ಅವರು ಅಳಿಸಿ ಅಳಿಸಿ ಬರೆದರು. ಕೊನೆಗೆ ಖರೆ ಆಯಿಯೇ ಬಂದು ನಿಂತಳು.

ಮೆಂಬರು ಮೇಲೆ ದೊಡ್ಡ ಅಕ್ಷರದಲ್ಲಿ ‘ನಮ್ಮ ಹತ್ತಿ ಬಂದರು’ ಎಂದು ಬರೆಸಿದರು. ಹತ್ತಿ ಸಾಗಿಸುವ ಬಂದರು ಎಂದು ಅವರ ಅರ್ಥ. ಊರವರು ಓದಿದ್ದೇ ಬೇರೆ. “ಯಾರ ಬಂದ್ರಪಾ? ಏನ ಹತ್ತಿ ಬಂದ್ರು, ಕತ್ತೀನೋ ಎಮ್ಮೀನೋ?” ಎಂದು ಚಹಾದಂಗಡಿಯಲ್ಲಿ ನಗೆಯೋ ನಗೆ. ನಾನೂ ನಕ್ಕೆ.

ಆ ನಗು ಬಹಳ ದಿನ ಉಳಿಯಲಿಲ್ಲ. ಮೊದಲಿನಿಂದಲೂ ಅದು ಗಂಡಸರು ನಿಲ್ಲುವ ಗೋಡೆ. ಚಿತ್ರ ಬಂತೆಂದು ಚಟ ಬಿಟ್ಟಾರೆಯೇ? ಪೇಟೆಗೆ ಹೋದವಳು ನೋಡುತ್ತೇನೆ, ಮರಳೆಲ್ಲ ಒದ್ದೆ, ಆಯಿಯ ಸೀರೆಯ ಮೇಲೆ ಹಳದಿ ಗೆರೆ, ಬುಟ್ಟಿಯ ಮೇಲೆ ಎಲೆಯಡಿಕೆಯ ಉಗುಳು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಬಿಳಿ ಧೋತರದ ಸಾಹುಕಾರರೊಬ್ಬರು ಆಗಲೂ ನಿಂತಿದ್ದರು.

“ನಾಚಿಕಿ ಬರೂದಿಲ್ಲೇನ್ರಿ ನಿಮಗ?” ಎಂದು ಕೂಗಿದೆ.

ತಿರುಗಿಯೂ ನೋಡಲಿಲ್ಲ ಆ ಮನುಷ್ಯ. “ಸಮುದ್ರಕ್ಕ ಒಂದ ಚರಗಿ ನೀರ ಹೆಚ್ಚಾದ್ರ ಏನಾಕ್ಕೈತಿ, ಬಿಡವಾ.”

ಥೂ! ಜನ್ಮಕ್ಕಿಷ್ಟು ಬೆಂಕಿ ಹಾಕ. ನಾನು ಕೊಡದಲ್ಲಿ ನೀರು ಒಯ್ದು ತೊಳೆದೆ. ತೊಳೆದಷ್ಟೂ ಹೊಯ್ದರು. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?” ಎಂದು ಒಬ್ಬ ಹಲ್ಲು ಕಿಸಿದ. ನನ್ನ ಹೇಸಿಗೆ ಅವರಿಗೆ ತಮಾಷೆಯಾಗಿತ್ತು.

ಮೆಂಬರ ಮನೆಗೆ ಹೋಗಿ ಹೇಳಿದೆ. “ತಂಗೀ, ಇದಕ್ಕ ಒಂದ ಔಷಧ. ಕೆಳಗ ದೇವರನ್ನ ಬರಸೂನು,” ಎಂದರು. ಗಣಪತಿ, ಒಂದು ದರ್ಗಾ, ಒಂದು ಶಿಲುಬೆ. ಯಾವ ಮಂದಿಯೂ ತಪ್ಪಿಸಿಕೊಳ್ಳಬಾರದಂತೆ. ಪೂಜೆಗಲ್ಲ, ಉಚ್ಚೆ ಕಾಯಲಿಕ್ಕೆ ದೇವರು! ಆ ದೇವರು ಬರಬೇಕಾದದ್ದು ಉಚ್ಚೆ ಬೀಳುವ ಎತ್ತರದಲ್ಲಿ, ಅಂದರೆ ಆಯಿ ನಿಂತ ಜಾಗದಲ್ಲಿ.

“ನಿಮ್ಮ ಆಯೀನ ಬಿಟ್ಟು ಆಕಡಿ ಈಕಡಿ ಬರೀಲೇನ?” ಎಂದು ಗಂಡ ಕೇಳಿದರು.

“ಬ್ಯಾಡ್ರಿ. ಅಷ್ಟ ಜಾಗಾ ಬಿಟ್ರ ಎಲ್ಲಾರೂ ಅಲ್ಲೇ ಬಂದ ನಿಲ್ತಾರ.”

ಸುಣ್ಣದ ಕುಂಚ ಅವರ ಕೈಯಿಂದ ಇಸಿದುಕೊಂಡು ನಾನೇ ಬಳಿದೆ. ಮೊದಲು ಸೀರೆ, ಆಮೇಲೆ ಬುಟ್ಟಿ, ಕೊನೆಗೆ ಮುಖ. ಗೋಡೆ ಒಣಗಿತು. ಅದೇ ಗಂಡಸರು ಚಪ್ಪಲಿ ಬಿಟ್ಟು ಗಣಪತಿಗೆ ಕೈಮುಗಿದು ಮುಂದೆ ಹೋಗತೊಡಗಿದರು. ನನಗೆ ಈಗ ಆಯಿಯ ಮುಖ ಸರಿಯಾಗಿ ನೆನಪಿಗೆ ಬರುವುದಿಲ್ಲ.