ಭಾವನ ತಲೆಯೊಳಗಿನ ರಿಪೇರಿ

ಐಟಿಐಯಲ್ಲಿ ವಿದ್ಯುತ್ ಮೋಟಾರು ರಿಪೇರಿ ಕಲಿಸುವುದು ನನ್ನ ಕೆಲಸ. ಬಿಚ್ಚುವುದು, ಜೋಡಿಸುವುದು ವಿದ್ಯಾರ್ಥಿಗಳಿಗೆ ಬೇಗ ಬರುತ್ತದೆ. ಆದರೆ ಕೆಟ್ಟ ಮೋಟಾರನ್ನು ಮುಂದಿಟ್ಟರೆ ಯೋಚಿಸದೆ ಸೀದಾ ಸ್ಕ್ರೂಗೆ ಕೈ ಹಾಕುತ್ತಾರೆ. ಹರಿಹರದಲ್ಲಿ ಅಕ್ಕನ ಗಂಡನದು ಮೋಟಾರು ರಿಪೇರಿ ಅಂಗಡಿ. ಅವರದು ಪಳಗಿದ ಕೈ. ಅವರು ಯೋಚಿಸುವ ರೀತಿಯನ್ನೇ ಪಾಠ ಮಾಡೋಣವೆಂದು ಒಂದು ಭಾನುವಾರ ದಾವಣಗೆರೆಯಿಂದ ಬಸ್ಸು ಹತ್ತಿದೆ.

"ಎಲ್ಲಿ ಕೆಟ್ಟೈತೆ ಅಂತ ಹೆಂಗೆ ಗೊತ್ತಾಗ್ತೈತೆ ಭಾವ?"

"ಅನುಭವ."

"ಅನುಭವ ಅಂದ್ರೆ?"

"ಅನುಭವ ಅಂದ್ರೆ ಅನುಭವನಪ್ಪ!" ಎಂದು, ಮಾಯಕೊಂಡದ ಸಾಹುಕಾರರು ಕಾರು ಕಳಿಸಿ ತಮ್ಮನ್ನು ಕರೆಸಿಕೊಂಡ ಕಥೆಗೆ ಇಳಿದರು. ನಾಲ್ಕನೆಯ ಸಲ ಕೇಳುತ್ತಿದ್ದೆ.

ಕೆಲಸ ಮಾಡುತ್ತಲೇ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಿ ಎಂದೆ. ಮೋಟಾರು ಮುಟ್ಟಿದ್ದೇ ತಡ, ಅಷ್ಟು ಹೊತ್ತು ನಿಲ್ಲದಿದ್ದ ಬಾಯಿಗೆ ಬೀಗ ಬಿತ್ತು.

"ಈಗ ಏನ್ ನೋಡಿದ್ರಿ?"

"ಸುಮ್ನಿರಪ್ಪ, ತಲೆ ಕೆಡಿಸಬ್ಯಾಡ."

ಮೋಟಾರು ತಿರುಗಿತು. ನನಗೆ ದಕ್ಕಿದ್ದು ಸೊನ್ನೆ. ಎದ್ದು ಹೋಗಿಬಿಡೋಣ ಅನ್ನಿಸಿತು. ಊಟಕ್ಕೆ ಕೂತಾಗ ರೇಗಿಯೇ ಕೇಳಿದೆ: "ಯಾವತ್ತಾದ್ರೂ ತಪ್ಪಿದ್ದು ಐತಾ?"

"ನಾನಾ? ತಪ್ಪೋದಾ?"

ರೊಟ್ಟಿ ಬಡಿಸುತ್ತಿದ್ದ ಅಕ್ಕ ಬಿಡಲಿಲ್ಲ. "ನನ್ನ ಮಿಕ್ಸಿ ಸುಟ್ಟೋರು ಯಾರ್ರೀ?"

ಭಾವನ ಮುಖ ಕೆಂಪಾಯಿತು. "ಏ, ಅದು ಸುಟ್ಟ ವಾಸನೆ ಬಂತು, ಕಾಯಿಲ್ ಬದಲಿಸಿದೆ. ಯಾಕ ಸುಟ್ಟಿತು ಅಂತ ನೋಡ್ಲಿಲ್ಲ. ಅಚ್ಚು ತಿರುಗೋ ಬುಷ್ ಹಿಡಕೊಂಡಿತ್ತು, ಹೊಸ ಕಾಯಿಲೂ ಹೋತು. ಅವತ್ತಿಂದ ಕರೆಂಟ್ ಕೊಡೋ ಮೊದ್ಲು ಕೈಯಾಗ ತಿರುಗಿಸಿ ಬಿಗಿ ಐತಾ ಅಂತ ನೋಡ್ತೀನಿ."

ಇಷ್ಟು ಹೇಳಿಸಲು ಅರ್ಧ ದಿನ ಹಿಡಿದಿತ್ತು! ತಪ್ಪಿನ ಮಾತು ಬಂದರಷ್ಟೇ ಬಾಯಿ ಬಿಡುತ್ತಾರೆಂದು ಹೊಳೆದು, ತಕ್ಷಣ ಬೇಕೆಂದೇ ತಪ್ಪು ಹೇಳಿದೆ: "ಹಂಗಾದ್ರೆ ಸಲೀಸಾಗಿ ತಿರುಗಿದ್ರೆ ಕಾಯಿಲೇ ಕೆಟ್ಟೈತೆ ಅಂತ ಹುಡುಗರಿಗೆ ಹೇಳ್ತೀನಿ."

"ಹೇಳಿ ಹಾಳು ಮಾಡು! ಗುಂಯ್ ಅಂತೈತೋ ಇಲ್ಲೋ ಕೇಳಬ್ಯಾಡ್ವಾ? ಗುಂಯ್ ಅಂದು ತಿರುಗದಿದ್ರೆ ಮೊದ್ಲು ಕೆಪಾಸಿಟರ್ ನೋಡಪ್ಪ!"

ನಾನು ತಪ್ಪು ಹೇಳುತ್ತಾ ಹೋದೆ, ಅವರು ಬೈಯುತ್ತಾ ಹೋದರು. ಸಂಜೆಯ ಹೊತ್ತಿಗೆ ಪಾಠ ಸಿದ್ಧವಾಯಿತು. ಓದಿ ಹೇಳಿದರೆ, "ಇಷ್ಟೆಲ್ಲ ನಾನು ಯೋಚನೆ ಮಾಡಲ್ಲ ಬಿಡು" ಎಂದುಬಿಟ್ಟರು. ಅಕ್ಕ ನಕ್ಕಳು; ನನಗೆ ನಗು ಬರಲಿಲ್ಲ.

ಮರುದಿನ ತರಗತಿಯಲ್ಲಿ ಮೊದಲ ಪ್ರಶ್ನೆ: "ಬಿಗಿ ಅಂದ್ರೆ ಎಷ್ಟು ಬಿಗಿ ಸಾರ್?" ಅದು ಮಾತಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಮತ್ತೆ ಹರಿಹರಕ್ಕೆ ಹೋಗಿ, ಭಾವ ಗೊಣಗಿದರೂ ಬಿಡದೆ, ಬುಷ್ ಹಿಡಿದ ಮೋಟಾರು ಒಂದನ್ನೂ ಸರಿಯಿದ್ದ ಒಂದನ್ನೂ ಹೊತ್ತು ತಂದೆ. ಎಲ್ಲರ ಕೈಯಲ್ಲೂ ಎರಡನ್ನೂ ತಿರುಗಿಸಿದೆ. ಆಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.