ಶಾಲು ಮತ್ತು ಹಾಜರಿ

ಮಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಪಠ್ಯದಲ್ಲಿ ಒಂದು ಸಣ್ಣಕಥೆಯಿತ್ತು. ತಾಯಿ ಹಾಸಿಗೆ ಹಿಡಿದ ಮೇಲೆ ಪುಟ್ಟ ಹುಡುಗಿಯೊಬ್ಬಳು ಅಡುಗೆ, ನೀರು, ತಮ್ಮಂದಿರು ಎಲ್ಲವನ್ನೂ ಹೊತ್ತುಕೊಳ್ಳುತ್ತಾಳೆ. ಗೈಡಿನಲ್ಲಿ ಅವಳಿಗೆ ಸಿದ್ಧ ಪದ ‘ತ್ಯಾಗಮಯಿ’. ವಿಶ್ಲೇಷಿಸಿ ಎಂದಾಗ ತರಗತಿಯೂ ಅದನ್ನೇ ಒಪ್ಪಿಸಿತು. ಪಡೀಲಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ಬೇರೆ ಹೇಳಿದಳು.

“ಮಿಸ್, ನೆರೆಯವರೆಲ್ಲ ಅವಳನ್ನು ಹೊಗಳ್ತಾರೆ. ಒಬ್ಬರಾದ್ರೂ ಒಂದು ಕೊಡ ನೀರು ತಂದು ಕೊಟ್ಟದ್ದು ಎಲ್ಲಿ ಉಂಟು?”

ಪುಟ ತಿರುವಿ ನೋಡಿದೆ. ಎಲ್ಲಿಯೂ ಇರಲಿಲ್ಲ.

ಸ್ಟಾಫ್ ರೂಮಿನಲ್ಲಿ ನಾನು ಅವಳ ಮಾತನ್ನು ಮೆಚ್ಚಿ ಹೇಳಿದ್ದು ಪ್ರಾಂಶುಪಾಲರ ಕಿವಿಗೆ ಬಿತ್ತು. ವಿಚಾರಿಸಿದರೆ, ಅವಳ ತಾಯಿಯೂ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರು, ತಂದೆ ಗಲ್ಫಿನಲ್ಲಿ. ವಾರ್ಷಿಕೋತ್ಸವದಲ್ಲಿ ಅವಳಿಗೆ ಸನ್ಮಾನ ಎಂದು ನಿಶ್ಚಯವಾಯಿತು. ನಮ್ಮೂರಿನಲ್ಲಿ ಯಾರ ಕಷ್ಟ ಕಂಡರೂ ಮೊದಲು ನೆನಪಾಗುವುದು ಶಾಲು, ಹಣ್ಣಿನ ಬುಟ್ಟಿ.

ಅವಳಿಗೆ ಬೇಕಾಗಿದ್ದದ್ದು ಹಾಜರಿ. ತಾಯಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ ಬಸ್ಸು ಹಿಡಿಯುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ. ಅವಳನ್ನು ಕರೆದುಕೊಂಡು ಪ್ರಾಂಶುಪಾಲರ ಕೋಣೆಗೆ ಹೋದೆ.

“ಸರ್, ನನಗೆ ಸನ್ಮಾನ ಬೇಡ. ಬೆಳಿಗ್ಗೆ ಲೇಟಾದದ್ದನ್ನು ಸ್ವಲ್ಪ ನೋಡಿಕೊಳ್ಳಿ,” ಎಂದಳು.

ಅವರು ನಕ್ಕರು. “ಎಂತ ಮಾರಾಯ್ತಿ, ನಿನ್ನಂಥವರಿಗೆ ಶಾಲು ಹೊದಿಸುವುದು ನಮ್ಮ ಭಾಗ್ಯ. ಹಾಜರಿ ಬೇರೆ ವಿಷಯ. ಅದಕ್ಕೆ ರೂಲ್ಸ್ ಉಂಟು.”

“ಎರಡಕ್ಕೂ ಕಾರಣ ಒಂದೇ ಅಲ್ವಾ ಸರ್?” ಎಂದೆ ನಾನು.

“ನೀವು ಸಾಹಿತ್ಯದವರು ಎಲ್ಲದರಲ್ಲೂ ಅರ್ಥ ಹುಡುಕ್ತೀರಿ,” ಎಂದವರೇ ಮುಖ್ಯ ಅತಿಥಿಗೆ ಫೋನ್ ಮಾಡಿದರು.

ವಾರ್ಷಿಕೋತ್ಸವದ ದಿನ ಅವಳನ್ನು ವೇದಿಕೆಯ ನಡುವೆ ಕೂರಿಸಿ ಶಾಲು ಹೊದಿಸಿ ಹಾರ ಹಾಕಿದರು. ತಾಯಿಯ ಮಲಮೂತ್ರ ಬಳಿಯುವುದನ್ನೂ ಬಿಡದೆ ನಿರೂಪಕಿ ಎಲ್ಲವನ್ನೂ ಮೈಕಿನಲ್ಲಿ ಓದಿದಳು. ಹುಡುಗಿ ಸಹಪಾಠಿಗಳ ಕಡೆ ಒಮ್ಮೆಯೂ ನೋಡಲಿಲ್ಲ. ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು, ಆಮೇಲೆ ಐಸ್‌ಕ್ರೀಮ್ ತಿಂದರು. ಅವರ ಕಣ್ಣೀರು ನಾಟಕವಾಗಿದ್ದರೆ ನನಗೆ ಅಷ್ಟು ಹೇಸಿಗೆಯಾಗುತ್ತಿರಲಿಲ್ಲವೇನೋ. ಅದು ನಿಜವಾದ ಕಣ್ಣೀರೇ. ಅತ್ತು ಅವರಿಗೆ ಹಿತವಾಗಿತ್ತು.

ಪರೀಕ್ಷೆಗೆ ಅವಳನ್ನು ಕೂರಿಸಲಿಲ್ಲ. ನಾನು ಇಲಾಖೆಗೆ ಬರೆದ ಮನವಿಗೆ ಉತ್ತರವೂ ಬರಲಿಲ್ಲ. ಮುಂದಿನ ವರ್ಷದ ಪ್ರಾಸ್ಪೆಕ್ಟಸ್ಸಿನ ಮುಖಪುಟದಲ್ಲಿ, ಶಾಲು ಹೊದ್ದ ಅವಳ ಫೋಟೊ ಇತ್ತು. ಅಡ್ಮಿಶನ್ ಸಮಯದಲ್ಲಿ ಅದನ್ನು ಹಂಚುವ ಕೆಲಸಕ್ಕೆ ನನ್ನನ್ನು ಹಾಕಿದರು. ನಾನು ಆ ಪ್ರತಿಗಳ ಕಟ್ಟನ್ನು ಮುಟ್ಟಲಿಲ್ಲ.